ಕುಟ್ಟೋ ಮನೆ ಡಾಕ್ಟರು

ಮನಶ್ಶಾಸ್ತ್ರ ಓದಿದವನು ಎದುರಿಗೆ ಬಂದವರ ತಲೆಯೊಳಗಿನದನ್ನೆಲ್ಲ ಅಂಗಡಿಯ ಗಾಜಿನ ಭರಣಿಯೊಳಗಿನ ಪೆಪ್ಪರ್‌ಮೆಂಟಿನ ಹಾಗೆ ಹೊರಗಿನಿಂದಲೇ ಕಾಣಬಲ್ಲ ಎಂದು ಬೈಲಪ್ಪ ನಂಬಿದ್ದ. ಬೈಲಪ್ಪ ಅಂದರೆ ಬೇರೆ ಯಾರೋ ಅಲ್ಲ, ಇದನ್ನು ಬರೆಯುತ್ತಿರುವವನೇ. ‘ನಾನು’ ಎಂದು ಬರೆದರೆ ಬೈಯುವ ಕೈ ಹಿಂಜರಿಯುತ್ತದೆ, ಆದ್ದರಿಂದ ಅವನನ್ನು ಮೂರನೆಯವನಾಗಿ ಆಚೆ ನಿಲ್ಲಿಸಿದ್ದೇನೆ.

ಆಗ ಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ಹೊಸಕೋಟೆಯ ಬಸ್ ಏಜೆಂಟರ ಕಚೇರಿಯಲ್ಲಿ ಬೈಲಪ್ಪ ಗುಮಾಸ್ತ. ಕಚೇರಿ ಅಂದರೆ ಒಂದು ತಗಡಿನ ಗೂಡು, ಅದಕ್ಕೊಂದು ಕಿಂಡಿ. ಟಿಕೆಟ್ ಹರಿಯುವುದು, ಮೂಟೆಗಳಿಗೆ ಚೀಟಿ ಅಂಟಿಸುವುದು, ಬಸ್ಸು ಇನ್ನೂ ಯಾಕೆ ಬರಲಿಲ್ಲ ಎಂದು ರೇಗುವವರಿಂದ ಬೈಸಿಕೊಳ್ಳುವುದು ಅವನ ಕೆಲಸ. ಸಂಬಳ ಮುಖ್ಯವಾಗಿ ಬೈಸಿಕೊಳ್ಳುವುದಕ್ಕೆ.

ಅವನ ಬಾಡಿಗೆ ಕೋಣೆ ಕೋಟೆಯ ಕಡೆ. ಕೋಣೆಗೂ ಕಚೇರಿಗೂ ನಡುವಿನ ಬೀದಿಯಲ್ಲಿ ಒಂದು ಮನೆ. ಅದರ ಜಗಲಿಯ ಕಂಬಕ್ಕೆ ಒಂದು ಹಲಗೆ: ‘ಗೋಪಾಲಪ್ಪ, ಎಂ.ಎ., ಮನಶ್ಶಾಸ್ತ್ರಜ್ಞರು.’ ಆ ಮನೆ ಹತ್ತಿರ ಬಂತೆಂದರೆ ಬೈಲಪ್ಪ ಹೆದರಿ ಬೀದಿಯ ಆಚೆ ಅಂಚಿಗೆ ಸರಿಯುತ್ತಿದ್ದ. ಅವನ ತಲೆಯೊಳಗೆ ದೊಡ್ಡ ಪಾತಕಗಳೇನೂ ಇರಲಿಲ್ಲ, ಇದ್ದವೆಲ್ಲ ಪುಡಿ ಸರಕು. ಏಜೆಂಟರ ನುಣ್ಣನೆಯ ಬೋಳುತಲೆಯ ಮೇಲೆ ಒಮ್ಮೆ ಕಚೇರಿಯ ಮೊಹರು ಒತ್ತಬೇಕೆಂಬ ಆಸೆ, ಹೋಟೆಲಿನಲ್ಲಿ ಪಕ್ಕದವನ ಎಲೆಗೆ ಪಲ್ಯ ಹೆಚ್ಚಾಗಿ ಬಿದ್ದರೆ ಹುಟ್ಟುವ ದ್ವೇಷ, ಹೀಗೆ. ಆದರೂ ಇನ್ನೊಬ್ಬರು ನೋಡಿಬಿಟ್ಟರೆ? ಅದಕ್ಕವನು ಒಂದು ಉಪಾಯ ಹೂಡಿದ. ಆ ಮನೆಯನ್ನು ದಾಟುವಷ್ಟು ಹೊತ್ತೂ ಮಗ್ಗಿ ಹೇಳಿಕೊಳ್ಳುವುದು. ತಲೆಯ ತುಂಬ ಮಗ್ಗಿ ಇದ್ದರೆ ಬೇರೇನೂ ಕಾಣದು ಎಂಬ ಎಣಿಕೆ. ಎರಡರ ಮಗ್ಗಿಯಾದರೆ ನಾಲಿಗೆಯ ಮೇಲೆ ತಾನೇ ಓಡುತ್ತದೆ, ಸಂದಿಯಲ್ಲಿ ಏಜೆಂಟರ ಬೋಳುತಲೆ ನುಸುಳಿಬಿಡುತ್ತದೆ. ಆದ್ದರಿಂದ ಹತ್ತೊಂಬತ್ತರ ಮಗ್ಗಿ. ಮನಸ್ಸಿನಲ್ಲೇ ಹೇಳಿಕೊಂಡರೆ ಹಿಡಿತ ಸಿಗದೆಂದು ಬಾಯಿ ಬಿಟ್ಟೇ ಹೇಳಿಕೊಳ್ಳುತ್ತಿದ್ದ. ಜೊತೆಗೆ ಮುಖಕ್ಕೆ ಅಡ್ಡವಾಗಿ ಒಂದು ಕೊಡೆ, ಮಳೆ ಬಿಸಿಲು ಇದ್ದರೂ ಇಲ್ಲದಿದ್ದರೂ.

ಕಂಡಕ್ಟರ್ ಮುನಿಸ್ವಾಮಿ ಒಂದು ದಿನ ಕೇಳಿಯೇಬಿಟ್ಟ. “ಲೇ ಬೈಲ, ಆ ಮನೆ ಮುಂದೆ ಅದೇನ್ಲಾ ಮಣಮಣ ಅಂತೀಯ? ಜಪ ಮಾಡ್ತೀಯಾ?”

“ಮಗ್ಗಿ ಕಣೋ.”

“ಮಗ್ಗೀನಾ! ಇಲ್ಲಿ ಚಿಲ್ಲರೆ ಕೊಡೋವಾಗ ಮಾತ್ರ ಬೆರಳು ಮಡಿಸ್ತಾ ಕೂತಿರ್ತೀಯ!”

ಇಷ್ಟೆಲ್ಲ ಹೆದರಿಸಿದ್ದ ಗೋಪಾಲಪ್ಪನವರಾದರೂ ಎಂಥವರು? ದೊಡ್ಡ ಕುಳವೇನಲ್ಲ. ನಂದಗುಡಿ ಕಡೆಯ ಒಕ್ಕಲು ಮನೆಯ ಕೊನೆಯ ಮಗ. ಅಣ್ಣಂದಿರು ನೇಗಿಲು ಹಿಡಿದರು, ಇವರು ಪುಸ್ತಕ ಹಿಡಿದು ಮೈಸೂರಿಗೆ ಹೋದರು. ಎಂ.ಎ. ಆಯಿತು ಎಂದಾಗ ಮನೆಯವರು ಅಮಲ್ದಾರಿಕೆ ಬಂದಂತೆಯೇ ಎಂದುಕೊಂಡರು. ಓದಿದ್ದು ಮನಸ್ಸಿನ ವಿಷಯ ಎಂದು ತಿಳಿದಾಗ ಅವರ ತಂದೆ ಅಪ್ಪಯ್ಯಣ್ಣನವರು, “ಅದನ್ನ ಓದಕ್ಕೆ ಮೈಸೂರಿಗ್ಯಾಕಪ್ಪ ಹೋದೆ? ಮನೇಲಿ ನಿಮ್ಮಮ್ಮ ಇರ್ಲಿಲ್ವಾ? ಮದುವೆಯಾದಾಗಿನಿಂದ ಓದ್ತಾ ಇದ್ದೀನಿ, ನಾನಿನ್ನೂ ಮೊದಲ್ನೇ ಪಾಠದಲ್ಲೇ ಇದ್ದೀನಿ” ಎಂದರಂತೆ.

ಯುದ್ಧದ ಕಾಲದಲ್ಲಿ ಬೆಂಗಳೂರು ದಂಡಿನಲ್ಲಿ, ಸೈನ್ಯಕ್ಕೆ ಅಧಿಕಾರಿಗಳನ್ನು ಆರಿಸುವ ಕಡೆ ಅವರಿಗೆ ಕೆಲಸ ಸಿಕ್ಕಿತ್ತು. ಹುಡುಗರಿಗೆ ಮಸುಕು ಮಸುಕಾದ ಚಿತ್ರ ತೋರಿಸಿ ಅದರ ಮೇಲೆ ಕತೆ ಬರೆಸುವುದು, ಆ ಕತೆ ಓದಿ ಇವನು ನಾಲ್ಕು ಜನರನ್ನು ನಡೆಸಬಲ್ಲನೋ ಇಲ್ಲವೋ ಎಂದು ಹೇಳುವುದು. ಯುದ್ಧ ಮುಗಿಯಿತು, ಕತೆಗಳೂ ಮುಗಿದವು. ಬೇರೆ ನೌಕರಿ ಹುಡುಕು ಎಂದವರ ಮಾತು ಕೇಳದೆ, ಹೆಂಡತಿ ಲಕ್ಕಮ್ಮನ ತವರಿನವರು ಬಿಟ್ಟುಕೊಟ್ಟಿದ್ದ ಹೊಸಕೋಟೆಯ ಮನೆಗೆ ಬಂದು, ಬೀದಿ ಬದಿಯ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ, ಕಂಬಕ್ಕೆ ಹಲಗೆ ಹೊಡೆಸಿ ಕುಳಿತುಬಿಟ್ಟರು.

ಮೊದಮೊದಲು ಬಂದವರು ತೋಳು ಮುಂದೆ ಮಾಡಿ ಸೂಜಿಗೆ ಕಾದರು. ಸೂಜಿ ಇಲ್ಲ ಎಂದಾಗ ತಾಯಿತಕ್ಕೆಂದು ಕೊರಳು ಮುಂದೆ ಮಾಡಿದರು. ಅದೂ ಇಲ್ಲ, ಸುಮ್ಮನೆ ಮಾತಾಡಿ ಎಂದಾಗ, “ಮಾತಾಡೋರು ನಾವು, ದುಡ್ಡು ಕೊಡೋರೂ ನಾವೇನಾ?” ಎಂದು ಎದ್ದು ಹೋದರು. ಇನ್ನೂ ಒಂದು ತೊಡಕಿತ್ತು. ನಮ್ಮ ಸೀಮೆಯ ಜನ ಕೆಮ್ಮಾದರೆ ತಾವೇ ಹೋಗಿ ತೋರಿಸಿಕೊಳ್ಳುತ್ತಾರೆ. ಮನಸ್ಸಿನ ವಿಷಯವಾದರೆ ಮಾತ್ರ ಇನ್ನೊಬ್ಬರನ್ನು ಹಿಡಿದುಕೊಂಡು ಹೋಗುತ್ತಾರೆ. ಗಂಡ ಹೆಂಡತಿಯನ್ನು ತರುತ್ತಾನೆ, ಅಣ್ಣ ತಮ್ಮನನ್ನು ತರುತ್ತಾನೆ. ತನಗೇ ಏನೋ ಆಗಿದೆ ಎಂದು ಬಂದವರು ಒಬ್ಬರೂ ಇಲ್ಲ.

ಹೀಗಿರುವಾಗ ಜಡಿಗೇನಹಳ್ಳಿ ಕಡೆಯಿಂದ ಅಮ್ಮಯಮ್ಮ ಎಂಬಾಕೆ ಸೊಸೆಯನ್ನು ಕರೆತಂದಳು. “ನೋಡಿ ಸ್ವಾಮಿ, ಈ ಹುಡುಗಿಗೆ ಮಾತೇ ನಿಂತೋಗೈತೆ.” ಗೋಪಾಲಪ್ಪನವರು ಸೊಸೆಯ ಕಡೆ ತಿರುಗಿ “ನಿನ್ನ ಹೆಸರೇನಮ್ಮ?” ಎಂದರೆ ಅತ್ತೆ ಹೆಸರು ಹೇಳಿದಳು. “ಊಟ ಸೇರುತ್ತಾ?” ಎಂದರೆ ಅತ್ತೆ ಅಡಿಗೆಯ ವರ್ಣನೆ ಮಾಡಿದಳು. ಕೊನೆಗೆ ಸಾಕಾಗಿ ಸೊಸೆಯನ್ನು ಒಳಗೆ ಲಕ್ಕಮ್ಮನ ಹತ್ತಿರ ಕಳಿಸಿ, ಅತ್ತೆಯನ್ನೇ ಕುರ್ಚಿಯ ಮೇಲೆ ಕೂರಿಸಿ, “ಈಗ ನೀವು ಹೇಳಿ” ಎಂದರು. ಅಮ್ಮಯಮ್ಮ ಹೇಳತೊಡಗಿದಳು. ಸೊಸೆಯಿಂದ ಮೊದಲಾದದ್ದು ಮಗನಿಗೆ ಬಂತು, ಮಗನಿಂದ ಸತ್ತ ಗಂಡನಿಗೆ, ಅಲ್ಲಿಂದ ತಾನು ಸೊಸೆಯಾಗಿದ್ದ ಕಾಲಕ್ಕೆ. ಅವಳ ದನಿಯೋ, ಕೆರೆಯ ಆಚೆ ದಡದ ದನ ಇತ್ತ ತಿರುಗಬೇಕು, ಅಂಥದು. ಎದುರು ಮನೆಯ ಜಗಲಿಯ ಮೇಲೆ ಹೆಂಗಸರು ಮೊರ ಹಿಡಿದುಕೊಂಡು ಬಂದು ಸಾಲಾಗಿ ಕುಳಿತರು. ಅಕ್ಕಿಯಲ್ಲಿ ಕಲ್ಲು ಆರಿಸುವ ನೆವ, ಕಿವಿಯೆಲ್ಲ ಈ ಕಡೆ. ಅದನ್ನು ಕಂಡ ಲಕ್ಕಮ್ಮನಿಗೆ ರೇಗಿತು. ನಡುಮನೆಯ ಒರಳಿಗೆ ಒಂದು ಮೊರ ಭತ್ತ ಸುರಿದು ಧಡಧಡ ಕುಟ್ಟತೊಡಗಿದಳು. ಮೂಗಿ ಸೊಸೆ ಇನ್ನೊಂದು ಒನಕೆ ಎತ್ತಿಕೊಂಡಳು. ಮನೆ ಅದುರಿತು, ಮಾತು ಮುಚ್ಚಿಹೋಯಿತು. ಎದುರು ಮನೆಯವರು ನಿಜಕ್ಕೂ ಕಲ್ಲು ಆರಿಸಬೇಕಾಯಿತು.

ಹೊತ್ತು ನೆತ್ತಿಗೆ ಬಂದಾಗ ಅಮ್ಮಯಮ್ಮ ಹೊರಗೆ ಬಂದು, “ಅಬ್ಬಾ, ಹಗುರಾಯ್ತು” ಎಂದಳು. ಆಮೇಲೆ ನೆನಪಾಗಿ, “ಈ ಹುಡುಗಿ ಇನ್ಮೇಲೆ ಮಾತಾಡ್ತಾಳಾ ಸ್ವಾಮಿ?” ಎಂದು ಕೇಳಿದಳು.

“ಮಾತಾಡ್ತಾಳೆ. ನೀವು ಮಧ್ಯೆ ಮಧ್ಯೆ ಸ್ವಲ್ಪ ಉಸಿರು ತಗೊಳ್ಳಿ, ಅಷ್ಟೊತ್ತಲ್ಲಿ ಮಾತಾಡ್ತಾಳೆ.”

ಆ ಮನೆಯ ಎರಡು ಪದ್ಧತಿಗಳು ಹುಟ್ಟಿದ್ದು ಅಂದೇ. ಕರೆತಂದವರು ಮೊದಲು ಒಳಗೆ ಹೋಗಬೇಕು. ಅವರು ಒಳಗೆ ಮಾತಾಡುವಷ್ಟು ಹೊತ್ತೂ ಹೊರಗಿರುವವರು ಒರಳಿನಲ್ಲಿ ಕುಟ್ಟಬೇಕು. ಸಾಮಾನ್ಯವಾಗಿ ಕರೆತಂದವರು ಮಾತು ಮುಗಿಸಿ ಎದ್ದರೆ, ಜೊತೆಯಲ್ಲಿ ಬಂದವರನ್ನು ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಒನಕೆಯ ಸದ್ದು ಕೇಳಿದರೆ ಸಾಕು, ಬೀದಿಯವರು “ಯಾರೋ ಒಳಗೆ ಬಾಯಿ ಬಿಟ್ಟವ್ರೆ” ಎಂದುಕೊಳ್ಳುತ್ತಿದ್ದರು. ಯಾರು ಏನು ಎಂಬುದು ಮಾತ್ರ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬರಬರುತ್ತ ಅಕ್ಕಪಕ್ಕದವರು ಬುದ್ಧಿವಂತರಾದರು. “ಹೆಂಗೂ ಕುಟ್ತೀಯಲ್ಲ ಲಕ್ಕಮ್ಮ, ನಮ್ಮದೂ ಇದೊಂದಿಷ್ಟು ಹಾಕ್ಕೊ” ಎಂದು ಅವಲಕ್ಕಿಯ ಭತ್ತ, ಅರಿಶಿನದ ಕೊಂಬು ತಂದಿಡತೊಡಗಿದರು. ಊರಿನ ಬಾಯಲ್ಲಿ ಹಲಗೆಯ ಮೇಲಿನ ಹೆಸರು ನಿಲ್ಲಲಿಲ್ಲ, ‘ಕುಟ್ಟೋ ಮನೆ ಡಾಕ್ಟ್ರು’ ನಿಂತಿತು.

ಗೋಪಾಲಪ್ಪನವರು ಕೇಳುವ ರೀತಿಯೂ ಸೊಗಸಾಗಿತ್ತು. ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ, ನಡುನಡುವೆ “ಹೂಂ, ಆಮೇಲೆ?” ಎನ್ನುವುದು. ಒಮ್ಮೆ ಅವಲಕ್ಕಿ ತಿಂದು ಕುಳಿತಿದ್ದಾಗ ನಿಜವಾಗಿ ಗೊರಕೆ ಬಂತು. ಎದುರಿಗಿದ್ದ ರೈತ ಅದೂ ಚಿಕಿತ್ಸೆಯ ಭಾಗವಿರಬೇಕೆಂದು ಮಾತು ನಿಲ್ಲಿಸಿ ಕೈಕಟ್ಟಿ ಕುಳಿತಿದ್ದನಂತೆ. ಇನ್ನು ಮನೆಯ ಹಿತ್ತಲಿನ ಸುದ್ದಿ ಕೇಳಬೇಡಿ. ತಾಲ್ಲೂಕಿನವರ ಮನಸ್ಸನ್ನೆಲ್ಲ ಹದಕ್ಕೆ ತರುವ ಮನುಷ್ಯನಿಗೆ ಸ್ವಂತ ಎಮ್ಮೆ ಹಾಲು ಬಿಡುತ್ತಿರಲಿಲ್ಲ. ಅವರು ತಂಬಿಗೆ ಹಿಡಿದು ಬಂದರೆ ಒದೆಯುತ್ತಿತ್ತು, ಲಕ್ಕಮ್ಮ ಬಂದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು.

ಇದೊಂದೂ ಬೈಲಪ್ಪನಿಗೆ ಆಗ ಗೊತ್ತಿರಲಿಲ್ಲ. ಒಳಗೆ ಕುಟ್ಟುವ ಸದ್ದು ಕೇಳಿದಾಗಲೆಲ್ಲ ಹುಚ್ಚಿಗೆ ಬೇರು ಜಜ್ಜುತ್ತಿದ್ದಾರೆ ಎಂದುಕೊಂಡು ಅವನು ಮಗ್ಗಿಯ ವೇಗ ಹೆಚ್ಚಿಸುತ್ತಿದ್ದ.

ಅವನ ತಾಯಿ ಮುನಿತಾಯಮ್ಮ ಇದ್ದದ್ದು ದೇವನಹಳ್ಳಿಯ ಹತ್ತಿರ ನಲ್ಲೂರಿನಲ್ಲಿ. ಮಗ ಸಂಬಳಗಾರನಾದ ಎಂಬ ಧೈರ್ಯದ ಮೇಲೆ ಆಕೆ ಸೂಲಿಬೆಲೆಯ ವೆಂಕಟರಾಯಪ್ಪನವರ ಕಿರಿಯ ಮಗಳು ಪಿಳ್ಳಮ್ಮನನ್ನು ಕೇಳಿಸಿದಳು. ಹೆಣ್ಣು ನೋಡಲು ಹೋದ ದಿನ ಬೈಲಪ್ಪ ಮುನಿಸ್ವಾಮಿಯ ಕೋಟು ಹಾಕಿಕೊಂಡಿದ್ದ. ಮುನಿಸ್ವಾಮಿ ಬಸ್ಸಿನ ಕಂಬಿಗಿಂತ ಸ್ವಲ್ಪವೇ ದಪ್ಪ. ಆ ಕೋಟಿನೊಳಗೆ ಬೈಲಪ್ಪನ ಕೈ ಮುಂದೆಯೂ ಬರುತ್ತಿರಲಿಲ್ಲ, ಮೇಲೆಯೂ ಏಳುತ್ತಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ಎದುರಿಗಿತ್ತು, ಇವನು ದೇವರ ಮುಂದಿನ ಬಸವನಂತೆ ಅದನ್ನೇ ನೋಡುತ್ತ ಕುಳಿತಿದ್ದ. ನೀರು ತಂದಿಟ್ಟ ಪಿಳ್ಳಮ್ಮ ತಲೆ ಎತ್ತದೆ, ಅವನಿಗಷ್ಟೇ ಕೇಳುವ ಹಾಗೆ, “ಕೋಟು ಬಿಚ್ಚಿಟ್ಟು ತಿನ್ನಿ. ಕಂಕುಳಲ್ಲಿ ಆಗ್ಲೇ ಹರಿದೋಗೈತೆ” ಎಂದಳು.

ಬೈಲಪ್ಪ ಕೋಟು ಬಿಚ್ಚಿದ, ಉಪ್ಪಿಟ್ಟು ತಿಂದ, ಮನಸ್ಸಿನಲ್ಲೇ ಮದುವೆಯಾಗಿಬಿಟ್ಟ. ಇನ್ನೊಂದು ಹೆಣ್ಣು ನೋಡಲು ಅವನಿಗೆ ಮನಸ್ಸೂ ಉಳಿಯಲಿಲ್ಲ, ಕೋಟೂ ಉಳಿಯಲಿಲ್ಲ.

ವೆಂಕಟರಾಯಪ್ಪನವರಿಗೆ ಮಾತ್ರ ಅವಸರವಿರಲಿಲ್ಲ. ಅವರ ಹಿರಿಯ ಮಗಳು ಅಕ್ಕಯಮ್ಮನನ್ನು ದೊಡ್ಡಬೆಳವಂಗಲದ ಅನುಕೂಲಸ್ಥರ ಮನೆಗೆ ಕೊಟ್ಟಿದ್ದರು. ಆ ಗಂಡ ದಿನಗಟ್ಟಲೆ ಗೋಡೆ ನೋಡಿಕೊಂಡು ಕೂರುವವನು. ಒಂದು ಬೆಳಿಗ್ಗೆ ಉಳುತ್ತಿದ್ದ ಎತ್ತುಗಳನ್ನು ಹೊಲದ ನಡುವೆಯೇ ಬಿಟ್ಟು ಎತ್ತಲೋ ಹೊರಟುಹೋದ, ಮತ್ತೆ ಬರಲಿಲ್ಲ. ಅಕ್ಕಯಮ್ಮ ತವರಿಗೆ ವಾಪಸಾಗಿದ್ದಳು. ಹೀಗಾಗಿ ಈ ಸಲ ವೆಂಕಟರಾಯಪ್ಪನವರು ಹೊಲ ಮನೆ ವಿಚಾರಿಸುವುದು ಬಿಟ್ಟು, ಹೊಸಕೋಟೆಗೆ ಬಂದು ಹುಡುಗನ ತಲೆಯನ್ನೇ ವಿಚಾರಿಸಿದರು. ಹೋಟೆಲಿನ ಗಲ್ಲಾದ ಮೇಲೆ ಕೂತವನು, “ಚಿನ್ನದಂಥ ಹುಡುಗ ಯಜಮಾನ್ರೆ. ಬೀಡಿ ಸೇದಲ್ಲ, ಸುಳ್ಳು ಹೇಳಲ್ಲ. ಒಂದೇ ಒಂದು, ಆ ಮನಸ್ಸಿನ ಡಾಕ್ಟ್ರ ಮನೆ ಮುಂದೆ ಬಂದಾಗ ಮಾತ್ರ ಮುಖ ಮುಚ್ಕೊಂಡು ಒಬ್ಬನೇ ಮಾತಾಡ್ತಾನೆ” ಎಂದ.

ವೆಂಕಟರಾಯಪ್ಪನವರು ಅಲ್ಲಿಂದಲೇ ಗಾಡಿ ತಿರುಗಿಸಿದರು. ಮರುದಿನ ಹೇಳಿಕೆ ಬಂತು: ತಲೆ ನೆಟ್ಟಗಿದೆ ಎಂದು ಅದೇ ಡಾಕ್ಟರ ಕೈಯಲ್ಲಿ ಚೀಟಿ ಬರೆಸಿಕೊಂಡು ಬಂದರೆ ಮುಂದಿನ ಮಾತು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ.

ಮುನಿತಾಯಮ್ಮ ಬಸ್ಸು ಹತ್ತಿ ಬಂದು ತಗಡಿನ ಗೂಡಿನ ಕಿಂಡಿಯಲ್ಲೇ ಮಗನನ್ನು ಹಿಡಿದಳು. “ಕುಡಿದು ಮದ್ವೆ ಕೆಡಿಸ್ಕೊಂಡೋರ್ನ ನೋಡಿದ್ದೀನಿ, ಇಸ್ಪೀಟಾಡಿ ಕೆಡಿಸ್ಕೊಂಡೋರ್ನ ನೋಡಿದ್ದೀನಿ. ಮಗ್ಗಿ ಹೇಳಿ ಕೆಡಿಸ್ಕೊಂಡೋನು ನೀನೊಬ್ನೇ ಕಣೋ! ಹೋಗು, ಆ ಚೀಟಿ ತಗೊಂಬಾ.”

ಯಾರಿಗೆ ತನ್ನ ಮನಸ್ಸು ಕಾಣಬಾರದೆಂದು ಬೈಲಪ್ಪ ವರ್ಷವೆಲ್ಲ ಕೊಡೆ ಹಿಡಿದಿದ್ದನೋ ಅವರ ಎದುರಿಗೇ ಹೋಗಿ ಕೂರಬೇಕಾಯಿತು. ಗೋಪಾಲಪ್ಪನವರು ದಪ್ಪ ಕನ್ನಡಕದ, ಪಂಚೆಯ ಮೇಲೆ ಹಳೆಯ ಸೈನ್ಯದ ಸ್ವೆಟರ್ ತೊಟ್ಟ ಮನುಷ್ಯ. ಕಣ್ಣು ತೆರೆಯದೆಯೇ, “ಕೂ‌ತ್ಕೊಳ್ಳಪ್ಪ. ಯಾರನ್ನ ಕರ್ಕೊಂಡು ಬಂದೆ?” ಎಂದು ಕೇಳಿದರು.

“ಯಾರನ್ನೂ ಇಲ್ಲ ಸಾರ್. ನಾನೇ ಬಂದೆ.”

ಗೋಪಾಲಪ್ಪನವರ ಕಣ್ಣು ಪಟ್ಟನೆ ತೆರೆಯಿತು. “ನಿನಗೋಸ್ಕರ ನೀನೇ?” ಎಂದವರೇ ಒಳಗಡೆಗೆ ಕೂಗಿದರು: “ಇವಳೇ, ಬಾ ಇಲ್ಲಿ! ತಾನಾಗೇ ಬಂದೋನು ಒಬ್ಬ ಸಿಕ್ಕಿದಾನೆ!”

ಲಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಅಪರೂಪದ ಹಕ್ಕಿಯನ್ನು ನೋಡುವಂತೆ ನೋಡಿದಳು. ಬೈಲಪ್ಪನಿಗೆ ನಾಚಿಕೆಯಾಗಿ, ಸೂಲಿಬೆಲೆಯವರು ಚೀಟಿ ಕೇಳಿ ಕಳಿಸಿದ್ದನ್ನು ಹೇಳಿದ. ಡಾಕ್ಟರ ಮುಖ ಸಪ್ಪಗಾಯಿತು. “ಹಾಗನ್ನು. ಯಾರೋ ಕಳಿಸಿದ್ದಕ್ಕೆ ಬಂದೋನು” ಎಂದು ಮತ್ತೆ ಕಣ್ಣು ಮುಚ್ಚಿದರು.

ಬೈಲಪ್ಪ ತುಟಿಯೊಳಗೇ ಮಗ್ಗಿ ಶುರುಮಾಡಿದ.

“ಹತ್ತೊಂಬತ್ತೇಳ್ಲಿ ನೂರಾ ಇಪ್ಪತ್ಮೂರಲ್ಲ ಕಣಪ್ಪ, ನೂರಾ ಮೂವತ್ಮೂರು” ಎಂದರು ಗೋಪಾಲಪ್ಪನವರು. “ದಿನಾ ಅಲ್ಲೇ ತಪ್ತೀಯ.”

ಬೈಲಪ್ಪ ಕುರ್ಚಿಯ ಕೈ ಬಿಗಿಹಿಡಿದ. “ಓದ್ಬಿಟ್ರಾ ಸಾರ್!”

“ಓದೋದೇನು? ಕಿಟಕಿ ಪಕ್ಕ ಕೂತಿರ್ತೀನಿ, ನೀನು ಬೀದೀಲಿ ಕಿರುಚ್ಕೊಂಡು ಹೋಗ್ತೀಯ, ಕಿವಿಗೆ ಬೀಳುತ್ತೆ. ಯಾರೋ ಪಾಪ, ಮೇಷ್ಟ್ರ ಪರೀಕ್ಷೆಗೆ ಕಟ್ಟಿದಾನೆ ಅಂದ್ಕೊಂಡಿದ್ದೆ.”

ಒಬ್ಬರ ಮನಸ್ಸನ್ನು ಇನ್ನೊಬ್ಬರು ಓದಲಾಗದು, ಹೇಳಿದರೆ ಕೇಳಬಹುದು ಅಷ್ಟೇ ಎಂಬ ಸಂಗತಿ ಬೈಲಪ್ಪನಿಗೆ ಆ ದಿನ ತಿಳಿಯಿತು. ಕೊಡೆ ಹಿಡಿದು ಸವೆಸಿದ ವರ್ಷವನ್ನು ನೆನೆದು ಹೊಟ್ಟೆ ಉರಿಯಿತು. “ಹಾಗಾದ್ರೆ ಚೀಟಿ, ಸಾರ್?”

“ಚೀಟಿ ಕೊಡಲ್ಲ. ತಲೆ ನೆಟ್ಟಗಿದೆ ಅಂತ ಬರೆಯೋಕೆ ಅಳತೆಗೊಂದು ನೆಟ್ಟಗಿರೋ ತಲೆ ಬೇಕು. ನಾನಿನ್ನೂ ನೋಡಿಲ್ಲ.”

“ಮನೇಲೇ ಕನ್ನಡಿ ಐತೆ, ಅದ್ರಲ್ಲೂ ಸಿಗ್ಲಿಲ್ವೇನೋ” ಎಂದು ಬಾಗಿಲ ಆಚೆಯಿಂದ ಲಕ್ಕಮ್ಮನ ದನಿ ಬಂತು.

ಗೋಪಾಲಪ್ಪನವರು ಕೇಳಿಸದವರಂತೆ, “ನಿನ್ನ ಕಳಿಸಿದೋರನ್ನ ಕರ್ಕೊಂಡು ಬಾ” ಎಂದರು.

“ಅವ್ರು ಬಂದ್ರೆ ಏನಂತ ಹೇಳ್ತೀರ ಸಾರ್?”

“ನಾನ್ಯಾಕೆ ಹೇಳ್ಲಿ? ಅವ್ರು ಹೇಳ್ತಾರೆ.”

ಸಂತೆಯ ದಿನ ವೆಂಕಟರಾಯಪ್ಪನವರು ಗಾಡಿ ಕಟ್ಟಿಕೊಂಡು ಬಂದರು. ಡಾಕ್ಟರಿಗೆಂದು ಒಂದು ಕುಡಿಕೆ ಬೆಣ್ಣೆ ತಂದಿದ್ದರು. ಕಚೇರಿಯಿಂದ ಬೈಲಪ್ಪನನ್ನು ಮುಂದೆ ಹಾಕಿಕೊಂಡು, ದನವನ್ನು ವೈದ್ಯರ ಹತ್ತಿರ ಹೊಡೆದುಕೊಂಡು ಹೋಗುವವರಂತೆ ಆ ಜಗಲಿ ಹತ್ತಿದರು.

“ಸ್ವಾಮಿ, ಇವನೇ. ನೋಡಿ ಹೇಳಿ.”

“ನೀವು ಒಳಗೆ ಬನ್ನಿ ಯಜಮಾನ್ರೆ. ನೀನು ಆಚೆ ಇರಪ್ಪ.”

“ನಂಗೇನಾಗೈತೆ? ನೋಡ್ಬೇಕಾದ್ದು ಇವನ್ನ!”

“ಇವನನ್ನ ತಂದೋರು ನೀವಲ್ವಾ? ತಂದೋರು ಮೊದಲು. ಈ ಮನೆ ಪದ್ಧತಿ.”

ವೆಂಕಟರಾಯಪ್ಪನವರು ಗೊಣಗುತ್ತ ಒಳಗೆ ಹೋದರು, ಬಾಗಿಲು ಮುಚ್ಚಿತು. ಲಕ್ಕಮ್ಮ ಬೈಲಪ್ಪನನ್ನು ನಡುಮನೆಗೆ ಕರೆದು ಅವನ ಕೈಗೆ ಒನಕೆ ಕೊಟ್ಟಳು. ಪಕ್ಕದ ಮನೆಯ ಪಾಪಯ್ಯನವರ ಮಗಳ ಮದುವೆ ಹತ್ತಿರ ಬಂದಿತ್ತು, ಅವರ ಒಣಮೆಣಸಿನಕಾಯಿ ಅಂದು ಒರಳಿನ ಪಕ್ಕ ಗುಡ್ಡೆ ಬಿದ್ದಿತ್ತು.

“ನಾನು ಕುಟ್ಟಿ ಅಭ್ಯಾಸ ಇಲ್ಲ ಅಮ್ಮಾವ್ರೆ.”

“ಮದುವೆ ಆಗಿನೂ ಅಭ್ಯಾಸ ಇಲ್ವಲ್ಲ, ಆದ್ರೂ ಬಂದಿಲ್ವಾ? ಎತ್ತಿ ಹಾಕು. ಅವ್ರು ಮಾತು ನಿಲ್ಲಿಸೋ ತನಕ ನೀನು ನಿಲ್ಲಿಸ್ಬಾರ್ದು.”

ಬೈಲಪ್ಪ ಕುಟ್ಟತೊಡಗಿದ. ಮೊದಲಿಗೆ ಒಳಗೆ ಸದ್ದೇ ಇರಲಿಲ್ಲ. ಆಮೇಲೆ ಗುಣುಗುಣು. ಆಮೇಲೆ ವೆಂಕಟರಾಯಪ್ಪನವರ ಹೊಲದ ದನಿ ಮೇಲೆದ್ದಿತು. ಗುಟ್ಟು ಹೇಳುವ ದನಿಯನ್ನು ಅವರು ಜನ್ಮದಲ್ಲಿ ಅಭ್ಯಾಸ ಮಾಡಿದವರೇ ಅಲ್ಲ. ಬೈಲಪ್ಪನ ಬಾಳು ಆ ಬಾಗಿಲ ಹಿಂದೆ ತೀರ್ಮಾನವಾಗುತ್ತಿತ್ತು, ಅವನಿಗೆ ಕೇಳದಂತೆ ಮಾಡುವ ಕೆಲಸ ಅವನ ಕೈಯಲ್ಲೇ ಇತ್ತು. ಬೆವರು ಒರೆಸಿಕೊಳ್ಳುವ ನೆವದಲ್ಲಿ ಒನಕೆ ನಿಲ್ಲಿಸಿದ.

“...ನಾಲ್ಕು ಜೊತೆ ಎತ್ತು ನೋಡ್ದೆ ಸ್ವಾಮಿ, ಹೊಲ ನೋಡ್ದೆ, ಗದ್ದೆ ನೋಡ್ದೆ...”

ತನ್ನ ಮನೆಯಲ್ಲಿ ಎತ್ತುಗಳಿಲ್ಲವಲ್ಲ, ಇದು ಯಾರ ಮಾತು ಎಂದು ಬೈಲಪ್ಪ ಕಿವಿ ಇನ್ನಷ್ಟು ಚಾಚಿದ.

“ಕುಟ್ಟಪ್ಪ!” ಎಂದು ಅಡಿಗೆಮನೆಯಿಂದ ಲಕ್ಕಮ್ಮ ಗದರಿದಳು.

ಕುಟ್ಟಿದ. ಮೆಣಸಿನಕಾಯಿಯ ಘಾಟು ಮೂಗಿಗೇರಿತು. ಒಂದು ಸೀನು ಬಂತು, ಅದರ ಬೆನ್ನಿಗೆ ಇನ್ನೊಂದು. ಸೀನುವಷ್ಟು ಹೊತ್ತು ನಿಲ್ಲಿಸುವುದು ತಪ್ಪಲ್ಲವಲ್ಲ.

“...ದೊಡ್ಡವಳು ಕಣದಲ್ಲಿ ನಿಂತ್ಕೊಂಡು, ‘ಆ ಮನೆ ಬ್ಯಾಡಪ್ಪ’ ಅಂದ್ಲು. ನಾನು ನಗಾಡ್ದೆ ಸ್ವಾಮಿ. ಹೆಣ್ಣು ಹುಡುಗ್ರು ಹಂಗೇ ಅಂತಾರೆ ಅಂತ ನಗಾಡ್ಬಿಟ್ಟೆ...”

“ಹೂಂ, ಆಮೇಲೆ?”

ಆಗ ಬೈಲಪ್ಪನಿಗೆ ಹೊಳೆಯಿತು. ಅಷ್ಟು ಹೊತ್ತಾದರೂ ಒಳಗೆ ತನ್ನ ಹೆಸರು ಒಮ್ಮೆಯೂ ಬಂದಿಲ್ಲ. ಮೊದಲು ಅವನಿಗೆ ಬಂದದ್ದು ಸಿಟ್ಟು. ರಜ ಹಾಕಿ, ಸಂತೆಯ ದಿನದ ಜನವನ್ನೆಲ್ಲ ಮುನಿಸ್ವಾಮಿಯ ತಲೆಗೆ ಕಟ್ಟಿ, ಬೊಬ್ಬೆ ಬರುವಂತೆ ಕುಟ್ಟುತ್ತಿರುವುದು ತಾನು, ಒಳಗೆ ನಡೆಯುತ್ತಿರುವುದು ಅಕ್ಕಯಮ್ಮನ ಮಾತು! ಆಮೇಲೆ ಒಳಗಿನ ದನಿ ಒಂದು ಕಡೆ ತಡೆಯಿತು. ಮತ್ತೆ ಶುರುವಾಗಲು ಹೋಗಿ ಬಿರುಕು ಬಿಟ್ಟಿತು. ಊರಿನ ಪಂಚಾಯಿತಿಯಲ್ಲಿ ಮೀಸೆ ತಿರುವಿ ಕೂರುವ ಮನುಷ್ಯ ಅಳುತ್ತಿದ್ದರು. ಕಿಟಕಿಯ ಆಚೆ ನೋಡಿದರೆ ಎದುರು ಮನೆಯ ಜಗಲಿಯ ಮೇಲೆ ಯಾರೋ ಮೊರ ಹಿಡಿದುಕೊಂಡು ಬಂದು ಕೂರುತ್ತಿದ್ದರು.

ಬೈಲಪ್ಪ ಒನಕೆ ಎತ್ತಿದ. ಲಕ್ಕಮ್ಮ ಗದರಲಿಲ್ಲ, ಯಾರೂ ಹೇಳಲಿಲ್ಲ. ಮೂಗು ಸುರಿಯಲಿ, ಕಣ್ಣು ಉರಿಯಲಿ ಎಂದು ಹಲ್ಲು ಕಚ್ಚಿ ಒಂದೇ ಸಮನೆ ಕುಟ್ಟಿದ. ಆ ದಿನ ಪಾಪಯ್ಯನವರ ಖಾರದ ಪುಡಿ ಗಾಳಿಗೆ ಹಾರುವಷ್ಟು ನುಣ್ಣಗಾಯಿತು. ಬಾಗಿಲು ತೆರೆದದ್ದೂ ಅವನಿಗೆ ತಿಳಿಯಲಿಲ್ಲ.

ವೆಂಕಟರಾಯಪ್ಪನವರು ಹೊಸ್ತಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು, ರುಮಾಲು ಕೈಯಲ್ಲಿತ್ತು. ಎದುರಿಗೆ ನೋಡಿದರೆ ಅಳಿಯನಾಗಬೇಕಾದವನೂ ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ, ಮೂಗು ಏರಿಸುತ್ತ, ಒನಕೆಗೆ ಒರಗಿ ನಿಂತಿದ್ದಾನೆ. ಹತ್ತಿರ ಬಂದು ಬೈಲಪ್ಪನ ಹೆಗಲ ಮೇಲೆ ಕೈ ಇಟ್ಟರು. “ನೀನೂ ಅಳ್ತಿದ್ದೀಯೇನಪ್ಪಾ? ನಮ್ಮ ಅಕ್ಕಯಮ್ಮನಿಗೋಸ್ಕರ?”

ಇಂಥ ಗಳಿಗೆ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ಸುಮ್ಮನೆ ತಲೆ ಆಡಿಸಿದ್ದರೆ ಆಗಿಹೋಗಿತ್ತು. ಡಾಕ್ಟರು ಹಿಂದಿನಿಂದ ಕನ್ನಡಕ ಒರೆಸುತ್ತ ನೋಡುತ್ತಿದ್ದರು. ಬೈಲಪ್ಪ ಬಾಯಿ ತೆರೆದ, ಸೀನಿದ, ಮತ್ತೆ ಬಾಯಿ ತೆರೆದ.

“ಎರಡು ಮಾತು ಕಿವಿಗೆ ಬಿತ್ತು ಮಾವ, ಬ್ಯಾಸರಾನೂ ಆಯ್ತು. ಆದ್ರೆ ಈ ಅಳು ಮಾತ್ರ ಮೆಣಸಿನಕಾಯಿದು.”

ಅಡಿಗೆಮನೆಯ ಬಾಗಿಲಲ್ಲಿ ಲಕ್ಕಮ್ಮ ಹಣೆ ಚಚ್ಚಿಕೊಂಡಳು. ವೆಂಕಟರಾಯಪ್ಪನವರು ಬೈಲಪ್ಪನ ಮುಖ ನೋಡಿದರು, ಒರಳು ನೋಡಿದರು. ಹೊಟ್ಟೆಯ ಒಳಗೆಲ್ಲೋ ಗುಡುಗಿದಂತಾಗಿ ನಗು ಬಂತು. ನಗುತ್ತ ನಗುತ್ತ ಘಾಟು ಹೊಕ್ಕು ಅವರೂ ಸೀನಿದರು. “ಇವನಿಗೆ ಒಂದು ಸುಳ್ಳು ಹೇಳೋಕ್ಕೂ ಬರಲ್ವಲ್ಲ ಸ್ವಾಮಿ! ಇವನ್ನ ನೋಡಲ್ವಾ ನೀವು?”

“ಏನ್ ನೋಡೋದು? ಕುಟ್ಟು ಅಂದ್ರು, ಕುಟ್ಟಿದ. ಕೇಳಿದ್ರಿ, ಇದ್ದದ್ದು ಹೇಳ್ದ. ಇನ್ನು ಬೇಕಾದ್ರೆ ಮಗ್ಗಿ ಕೇಳಿ. ಅದೊಂದು ಮಾತ್ರ ಅಷ್ಟು ಚೆನ್ನಾಗಿಲ್ಲ” ಎಂದರು ಗೋಪಾಲಪ್ಪನವರು.

ಜಗಲಿಗೆ ಬಂದರು. ಎತ್ತು ಹೂಡುವ ಮೊದಲು ವೆಂಕಟರಾಯಪ್ಪನವರು ಸೊಂಟದ ಎಲೆಚೀಲ ಬಿಚ್ಚಿ, ಎರಡು ಒಳ್ಳೆಯ ಎಲೆ ಆರಿಸಿ, ಅದರ ಮೇಲೊಂದು ಅಡಿಕೆ ಇಟ್ಟು ಬೈಲಪ್ಪನ ಕಡೆ ಚಾಚಿದರು. “ಶಾಸ್ತ್ರ ಆಮೇಲೆ, ನಿಮ್ಮಮ್ಮ ಬಂದ್ಮೇಲೆ ಮನೇಲಿ ಮಾಡಣ. ಇದು ಮಾತಿಗೆ.”

ಬೈಲಪ್ಪ ಖಾರದ ಕೈಯನ್ನು ಪಂಚೆಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಎಲೆ ಹಿಡಿದ. ಎಲೆ ಬರಲಿಲ್ಲ. ತೊಟ್ಟು ಇನ್ನೂ ವೆಂಕಟರಾಯಪ್ಪನವರ ಬೆರಳಿನಲ್ಲೇ ಇತ್ತು. ಈ ತುದಿ ಇವನ ಕೈಯಲ್ಲಿ, ಆ ತುದಿ ಅವರ ಕೈಯಲ್ಲಿ. ಹಗುರಾದ ಮನುಷ್ಯನ ಮುಖದ ಮೇಲೆ ಹಳೆಯ ಭಯ ಮತ್ತೆ ಬಂದು ಕೂತಿತ್ತು. ಬೈಲಪ್ಪನ ತಲೆಯ ಮೇಲಿಂದ ಡಾಕ್ಟರ ಕಡೆ ನೋಡುತ್ತ, ಎದುರಿಗಿದ್ದವನು ಕೇಳಿಸಿಕೊಂಡಾನೆಂಬ ಸಂಕೋಚವನ್ನೂ ಬಿಟ್ಟು ಕೇಳಿದರು: “ಎಲ್ಲಾ ಸರಿ ಸ್ವಾಮಿ. ನಾಳೆ ದಿನ ಇವನೂ ತಲೆ ಕೆಟ್ಟು, ಗೋಡೆ ನೋಡ್ತಾ ಕೂತ್ಕೊಂಡು, ಅವನಂಗೇ ಎದ್ದು ಹೊಂಟೋದ್ರೆ? ಆಗ ನನ್ನ ಮಗಳ ಗತಿ ಏನು?”

ಹಾಗಾಗುವುದಿಲ್ಲ ಎಂದು ಡಾಕ್ಟರು ಭರವಸೆ ಕೊಡುತ್ತಾರೆ ಎಂದು ಬೈಲಪ್ಪ ಕಾದ. ಗೋಪಾಲಪ್ಪನವರು ಕಣ್ಣು ಕೂಡ ಮುಚ್ಚಲಿಲ್ಲ. ಅವರು ಹೇಳಿದ್ದು ಇಷ್ಟೇ, ಅದು ಮುಗಿಯುವಷ್ಟರಲ್ಲಿ ಎಲೆಯ ತೊಟ್ಟು ಸಡಿಲವಾಗಿ ಬೈಲಪ್ಪನ ಕೈಗೆ ಬಂದಿತ್ತು.

“ಗತಿ ಏನು, ದೊಡ್ಡವಳ ಥರ ವಾಪಸ್ ಬರ್ತಾಳೆ. ನೀವು ಬಾಗ್ಲು ತೆಗೀತೀರಿ.”